ಮುಂದಿನ ಅಸಾಸಿನ್ಸ್ ಕ್ರೀಡ್: ಮಾಟಗಾತಿಯರ ಬೇಟೆಯನ್ನು ಆಟವಾಗಿಸಬಹುದೆ?

ಪ್ರಶ್ನೆ: ಅಸಾಸಿನ್ಸ್ ಕ್ರೀಡ್ ಸರಣಿಯ ಆಟಗಳನ್ನು ಎರಡನೆಯ ಕಂತಿನಿಂದ ಆಡುತ್ತ ಬಂದಿದ್ದೇನೆ. ‘ಹೆಕ್ಸೆ’ ಎಂಬ ಸಂಕೇತನಾಮದ ಮುಂದಿನ ಕಂತು ಜರ್ಮನ್ ನಾಡಿನ ಮಾಟಗಾತಿ ವಿಚಾರಣೆಗಳ ಕಾಲದ್ದೆಂದು ತಿಳಿದಾಗಿನಿಂದ ಆಸೆಯೂ ಇದೆ, ಅಳುಕೂ ಇದೆ. ಇಂಥ ಚರಿತ್ರೆಯನ್ನು ಒಂದು ಆ್ಯಕ್ಷನ್ ಗೇಮ್ ನಿಷ್ಠೆಯಿಂದ ತೋರಿಸಬಲ್ಲದೆ? ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು ನನ್ನ ಪಕ್ಕದಲ್ಲಿ ಕುಳಿತು ಆಟ ನೋಡುತ್ತಾಳೆ. ಆಟದ ಮಾಟಗಾತಿಯರಿಗೆ ನಿಜವಾಗಿಯೂ ಶಕ್ತಿಯಿರಬೇಕು ಎಂಬುದು ಅವಳ ಆಸೆ. ಬಿಡುಗಡೆಗೆ ಮೊದಲೇ ಹಣ ಕೊಟ್ಟು ಕಾಯ್ದಿರಿಸಬಹುದೆ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಮಗಳ ಆಸೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಆಟ ಗೆಲ್ಲುವುದೂ ಸೋಲುವುದೂ ಅಲ್ಲಿಯೇ. ಸುಡಲ್ಪಟ್ಟ ಹೆಂಗಸರಿಗೆ ನಿಜವಾಗಿಯೂ ಮಾಟ ಗೊತ್ತಿತ್ತು ಎಂದು ಆಟ ತೋರಿಸಿದರೆ, ಎಷ್ಟೇ ಅನುಕಂಪದಿಂದ ತೋರಿಸಿದರೂ, ಅವರನ್ನು ಸುಟ್ಟ ನ್ಯಾಯಾಲಯದ ಆರೋಪ ಸತ್ಯವಾಗಿಬಿಡುತ್ತದೆ. ಆಗ ನ್ಯಾಯಾಧೀಶರ ತಪ್ಪು ಕ್ರೌರ್ಯವೊಂದೇ ಆಗಿ ಉಳಿಯುತ್ತದೆ. ಆದರೆ ಅಲ್ಲಿ ನಡೆದದ್ದು ಅದಕ್ಕಿಂತ ಭೀಕರ. ಯಾರೂ ಮಾಡದ, ಯಾರಿಂದಲೂ ಮಾಡಲಾಗದ ಅಪರಾಧಕ್ಕೆ ಯುರೋಪಿನಲ್ಲಿ ಸುಮಾರು ಮೂರು ಶತಮಾನಗಳ ಅವಧಿಯಲ್ಲಿ 40,000ದಿಂದ 60,000 ಜನರನ್ನು ಕಾನೂನಿನ ಹೆಸರಿನಲ್ಲಿ ಕೊಲ್ಲಲಾಯಿತು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಜರ್ಮನ್ ಭಾಷೆಯ ಪ್ರದೇಶಗಳವರು ಮತ್ತು ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಅಪರಾಧವೇ ಇಲ್ಲದೆ ನಡೆದ ಈ ವಿಚಾರಣೆಗಳನ್ನು ಆಟ ಹೇಗೆ ಕಟ್ಟಿಕೊಡುತ್ತದೆ ಎಂಬುದೇ ನನ್ನ ಕುತೂಹಲ.

ಯೂಬಿಸಾಫ್ಟ್ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಈ ಆಟವನ್ನು ಘೋಷಿಸಿದಾಗ ತೋರಿಸಿದ್ದು ಚಿಕ್ಕದೊಂದು ತುಣುಕನ್ನು ಮಾತ್ರ. ಅದರಲ್ಲಿದ್ದದ್ದು ಕತ್ತಲ ಕಾಡು, ಕಡ್ಡಿಗಳನ್ನು ಹೆಣೆದು ಮಾಡಿದ ಸರಣಿಯ ಲಾಂಛನ ಮತ್ತು ಜರ್ಮನ್ ಭಾಷೆಯಲ್ಲಿ ಮಾಟಗಾತಿ ಎಂಬರ್ಥದ ‘ಹೆಕ್ಸೆ’ ಎಂಬ ಹೆಸರು. ಕೆಲಸ ನಡೆಯುತ್ತಿರುವುದು ಮಾಂಟ್ರಿಯಲ್ ಸ್ಟುಡಿಯೊದಲ್ಲಿ. ಸರಣಿಯ ಈಚಿನ ಆಟಗಳಿಗಿಂತ ಇದು ತೀರ ಬೇರೆ ಬಗೆಯದಾಗಿರುತ್ತದೆ ಎಂದು ಸಂಸ್ಥೆ ಆಗಲೇ ಹೇಳಿತ್ತು. ಈ ಕುರುಹುಗಳು ಬೊಟ್ಟುಮಾಡುವುದು 16 ಮತ್ತು 17ನೆಯ ಶತಮಾನಗಳ, ಜರ್ಮನ್ ನಾಡನ್ನು ಒಳಗೊಂಡಿದ್ದ ಪವಿತ್ರ ರೋಮನ್ ಸಾಮ್ರಾಜ್ಯದತ್ತ. ಆರಂಭಿಕ ಆಧುನಿಕ ಯುರೋಪಿನ ಚರಿತ್ರೆಯನ್ನು ಪಾಠ ಹೇಳುವವನಾಗಿ ಮತ್ತು ಈ ಸರಣಿಯನ್ನು 2007ರ ಮೊದಲ ಆಟದಿಂದ ಪ್ರೀತಿಯಿಂದ ಆಡಿದವನಾಗಿ, ಅದೇ ಕಾಲದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ನನ್ನ ದೊಡ್ಡ ಅಳುಕು ಸರಣಿಯ ಹಳೆಯ ಅಭ್ಯಾಸದ್ದು. ಚರಿತ್ರೆಯ ಪ್ರತಿಯೊಂದು ಕೇಡಿನ ಹಿಂದೆಯೂ ಈ ಆಟಗಳಲ್ಲಿ ಒಬ್ಬ ಟೆಂಪ್ಲರ್, ಎಂದರೆ ನಾಯಕರಾದ ಅಸಾಸಿನ್‌ಗಳ ಶತ್ರುಬಣದವನು, ಅಡಗಿರುತ್ತಾನೆ. ಅವನನ್ನು ಹುಡುಕಿ, ಛಾವಣಿಯಿಂದ ಎರಗಿ, ತೋಳಿನೊಳಗಿನ ಅಲಗಿನಿಂದ ಕೊಂದರೆ ಒಂದು ಅಧ್ಯಾಯ ಮುಗಿಯುತ್ತದೆ. ಎರಡನೆಯ ಆಟದಲ್ಲಿ ಬರುವ, ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ವಿರುದ್ಧದ ಪಾತ್ಸಿ ಪಿತೂರಿಗೆ ಈ ಕ್ರಮ ಚೆನ್ನಾಗಿಯೇ ಹೊಂದಿತು, ಏಕೆಂದರೆ 1478ರಲ್ಲಿ ಅಲ್ಲಿ ನಿಜವಾಗಿಯೂ ಪಿತೂರಿಗಾರರಿದ್ದರು. ಮಾಟಗಾತಿಯರ ಬೇಟೆಗೆ ಅದು ಹೊಂದುವುದಿಲ್ಲ. ಇಲ್ಲಿ ಆರೋಪ ಹುಟ್ಟುತ್ತಿದ್ದದ್ದು ಅರಮನೆಯ ಗುಪ್ತ ಕೋಣೆಯಲ್ಲಲ್ಲ, ಪಕ್ಕದ ಮನೆಯ ಹಿತ್ತಿಲಿನಲ್ಲಿ. ಹಸು ಹಾಲು ಕೊಡುವುದನ್ನು ನಿಲ್ಲಿಸಿತು, ಮಗುವಿಗೆ ಜ್ವರ ಬಂದು ಇಳಿಯಲಿಲ್ಲ, ಅದರ ಹಿಂದಿನ ವಾರ ಪಕ್ಕದ ಮನೆಯ ಮುದುಕಿ ಜಗಳವಾಡಿ ಶಾಪ ಹಾಕಿದ್ದಳು: ಆರೋಪಕ್ಕೆ ಇಷ್ಟು ಸಾಕಾಗುತ್ತಿತ್ತು. ಐದನೆಯ ಚಾರ್ಲ್ಸ್ ಚಕ್ರವರ್ತಿ 1532ರಲ್ಲಿ ಜಾರಿಗೆ ತಂದ, ‘ಕರೋಲಿನಾ’ ಎಂದು ಹೆಸರಾದ ದಂಡಸಂಹಿತೆ, ಬೆದರಿಕೆ ಹಾಕಿದ ಮೇಲೆ ಕೇಡು ಸಂಭವಿಸುವುದನ್ನೂ, ಆ ವ್ಯಕ್ತಿಗೆ ಮೊದಲೇ ಮಾಟದ ಅಪಖ್ಯಾತಿ ಇರುವುದನ್ನೂ ಗಂಭೀರ ಕುರುಹುಗಳ ಪಟ್ಟಿಯಲ್ಲಿ ಸೇರಿಸಿತ್ತು. ಊರವರ ಬಾಯಿಮಾತಿಗೆ ಕಾನೂನಿನಲ್ಲಿಯೇ ತೂಕವಿತ್ತು ಎಂದಾಯಿತು.

ಅದರ ಮೇಲೆ ಹವಾಮಾನದ ಹೊಡೆತವೂ ಸೇರಿಕೊಂಡಿತು. 1626ರ ಮೇ ತಿಂಗಳ ಕೊನೆಯ ವಾರದಲ್ಲಿ, ದ್ರಾಕ್ಷಿಯ ಬಳ್ಳಿಗಳು ಚಿಗುರಿ ನಿಂತಿದ್ದಾಗ, ಜರ್ಮನ್ ನಾಡಿನ ಫ್ರಾಂಕೋನಿಯ ಪ್ರಾಂತದಲ್ಲಿ ಚಳಿಗಾಲದಂಥ ಹಿಮ ಬಿದ್ದು ಬೆಳೆಯೆಲ್ಲ ಸುಟ್ಟುಹೋಯಿತು. ಆ ವೇಳೆಗೆ, ಮುಂದೆ ‘ಮೂವತ್ತು ವರ್ಷಗಳ ಯುದ್ಧ’ ಎಂದು ಹೆಸರಾದ ಯುದ್ಧ ಆರಂಭವಾಗಿ ಎಂಟು ವರ್ಷಗಳಾಗಿದ್ದವು, ಧಾನ್ಯದ ಬೆಲೆ ಏರಿತ್ತು. ಇಂಥ ಹಿಮ ತಾನಾಗಿ ಬೀಳುವುದಿಲ್ಲ, ಯಾರೋ ಬೀಳಿಸಿದ್ದಾರೆ ಎಂದು ನಂಬಿದ ಜನ ಅಧಿಕಾರಿಗಳು ಕ್ರಮ ಕೈಗೊಳ್ಳಲೇಬೇಕೆಂದು ಪಟ್ಟುಹಿಡಿದರು. ಆ ಪ್ರಾಂತದ ಬಾಂಬೆರ್ಗ್ ಮತ್ತು ವ್ಯೂರ್ತ್ಸ್‌ಬುರ್ಗ್‌ಗಳಲ್ಲಿ ಆ ವರ್ಷದಿಂದ 1631ರವರೆಗೆ ನಡೆದ ವಿಚಾರಣೆಗಳು ಇಡೀ ಯುರೋಪಿನಲ್ಲಿಯೇ ಅತ್ಯಂತ ಘೋರವಾದವುಗಳ ಸಾಲಿನಲ್ಲಿವೆ. ಬಾಂಬೆರ್ಗಿನ ಧರ್ಮಾಧಿಪತಿಯೂ ಅರಸನೂ ಆಗಿದ್ದ ಯೋಹಾನ್ ಗಿಯೋರ್ಗ್ ಫುಕ್ಸ್ ಫಾನ್ ಡೋರ್ನ್‌ಹೈಮ್ ಆ ಬೇಡಿಕೆಗೆ ಬಲಿಷ್ಠ ಯಂತ್ರವನ್ನೇ ಕಟ್ಟಿಕೊಟ್ಟನು. 1627ರಲ್ಲಿ ಆರೋಪಿಗಳಿಗೆಂದೇ ಪ್ರತ್ಯೇಕ ಸೆರೆಮನೆಯನ್ನು ನಿರ್ಮಿಸಿದನು. ಅವನು ಹೊಣೆಗಾರನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನೊಬ್ಬನನ್ನು ಕೊಂದಿದ್ದರೆ ಬೆಂಕಿ ಆರುತ್ತಿತ್ತೆಂದು ಆಟ ಹೇಳಿದರೆ, ಹಿಮ ಬಿದ್ದ ಮರುದಿನ ನೆರೆಯವಳ ಹೆಸರು ಹೇಳಿದ ಸಾವಿರಾರು ಸಾಮಾನ್ಯ ಜನರನ್ನು ಆಟ ಸುಮ್ಮನೆ ಬಿಟ್ಟುಬಿಟ್ಟಂತಾಗುತ್ತದೆ.

ಎರಡನೆಯ ಅಳುಕು ಸರಣಿಯ ಪವಾಡದ ವಸ್ತುಗಳದು. ಮನುಷ್ಯರಿಗಿಂತ ಮೊದಲಿದ್ದ ಜನಾಂಗವೊಂದು ಬಿಟ್ಟುಹೋದ ಯಂತ್ರಗಳು ಈ ಕಥಾಲೋಕದಲ್ಲಿ ಎಲ್ಲ ಅದ್ಭುತಗಳಿಗೂ ವಿವರಣೆಯಾಗಿ ಬರುತ್ತವೆ. 2018ರ ಒಡಿಸ್ಸಿ ಆಟದಲ್ಲಿ ಪುರಾಣದ ರಾಕ್ಷಸಿ ಮೆಡೂಸಾಳೊಂದಿಗೆ ಕಾದಾಡುವುದಕ್ಕೂ ಅದೇ ನೆಪವಾಗಿತ್ತು. ಗ್ರೀಕ್ ಪುರಾಣಕ್ಕೆ ಅದರಿಂದ ಹಾನಿಯಾಗಲಿಲ್ಲ, ಏಕೆಂದರೆ ಮೆಡೂಸಾ ಎಂದು ಆರೋಪಿಸಿ ಯಾರನ್ನೂ ಸುಟ್ಟಿರಲಿಲ್ಲ. ಅದೇ ವಸ್ತುವನ್ನು ಜರ್ಮನ್ ಹಳ್ಳಿಯ ವಿಧವೆಯೊಬ್ಬಳ ಕೈಗೆ ಕೊಟ್ಟು ಅವಳ ಮಾಟಕ್ಕೆ ಕಾರಣ ಇದು ಎಂದರೆ, ನಾನು ಮೊದಲು ಹೇಳಿದ ಅನ್ಯಾಯ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಂತಾಗುತ್ತದೆ.

ಇಷ್ಟಾದರೂ ನಾನು ಆಸೆಯನ್ನು ಬಿಟ್ಟಿಲ್ಲ. ಈ ಚರಿತ್ರೆಯನ್ನು ಹೇಳಲು ಬೇಕಾದ ಸಲಕರಣೆಗಳು ಈ ಸರಣಿಯ ಬಳಿಯಲ್ಲಿಯೇ ಇರುವುದು ಅದಕ್ಕೆ ಕಾರಣ. ಮೊದಲ ಆಟದ ಹೊಸತನ ಇದ್ದದ್ದು ಕತ್ತಿವರಸೆಯಲ್ಲಲ್ಲ, ಜನಸಂದಣಿಯಲ್ಲಿ ಕರಗಿಹೋಗುವುದರಲ್ಲಿ. 2009ರ ಎರಡನೆಯ ಆಟದಲ್ಲಿ ನಾಯಕನ ಕುಖ್ಯಾತಿಗೆ ಒಂದು ಅಳತೆಯೇ ಇತ್ತು. ಕೊಲೆ ಮಾಡಿದಷ್ಟೂ ಅದು ಏರುತ್ತಿತ್ತು, ಗೋಡೆಯ ಮೇಲೆ ಅಂಟಿಸಿದ ಅವನ ಚಿತ್ರಗಳನ್ನು ಕಿತ್ತುಹಾಕಿದರೆ ಅಥವಾ ಡಂಗುರ ಸಾರುವವನ ಕೈ ಬೆಚ್ಚಗೆ ಮಾಡಿದರೆ ಇಳಿಯುತ್ತಿತ್ತು. 2012ರ ಲಿಬರೇಷನ್ ಆಟದಲ್ಲಿ ನಾಯಕಿ ಆವಲೀನ್ ಧನಿಕ ಮಹಿಳೆಯ ಉಡುಪಿನಲ್ಲಿದ್ದಾಗ ಜನ ಅವಳನ್ನು ನೋಡುವ ರೀತಿಯೇ ಬೇರೆ, ಗುಲಾಮಳ ಉಡುಪಿನಲ್ಲಿದ್ದಾಗಲೇ ಬೇರೆ. ಇವೆರಡನ್ನೂ ಒಂದುಗೂಡಿಸಿ 17ನೆಯ ಶತಮಾನದ ಒಂದು ಸಣ್ಣ ಊರಿಗೆ ತಂದು ನೋಡಿ. ಅಲ್ಲಿ ಆಟಗಾರ್ತಿಯ ಬಗ್ಗೆ ಎದ್ದ ಮಾತು ಗೋಡೆಯ ಮೇಲಿರುವುದಿಲ್ಲ, ಆದ್ದರಿಂದ ಕಿತ್ತುಹಾಕಲು ಬರುವುದಿಲ್ಲ. ಬಾವಿಯ ಕಟ್ಟೆಯಿಂದ ರೊಟ್ಟಿಯ ಅಂಗಡಿಗೆ, ಅಲ್ಲಿಂದ ಇಗರ್ಜಿಯ ಮೆಟ್ಟಿಲಿಗೆ ಅದು ತಾನಾಗಿಯೇ ನಡೆದು ಹೋಗುತ್ತದೆ. ಒಬ್ಬರ ಬಾಯಿ ಮುಚ್ಚಿಸಲು ಲಂಚ ಕೊಟ್ಟರೆ, ಹಣ ಕೊಟ್ಟದ್ದೇ ಇನ್ನೊಂದು ಮಾತಾಗುತ್ತದೆ. ಗಾಯಗೊಂಡವನಿಗೆ ಮದ್ದು ಹಾಕಿದರೆ, ಅವನು ಬದುಕಿದರೂ ಸತ್ತರೂ ಅದೊಂದು ಕುರುಹಾಗುತ್ತದೆ. ಛಾವಣಿಯ ಮೇಲೆ ಓಡಾಡುವುದು ಈ ಸರಣಿಯ ಅತ್ಯಂತ ಸಹಜ ಚಲನೆ. ರಾತ್ರಿ ಹಾರುವ ಹೆಂಗಸರಿದ್ದಾರೆಂದು ನಂಬಿದ ಊರಿನಲ್ಲಿ ಅದನ್ನು ಯಾರಾದರೂ ಕಂಡರೆ ಏನಾದೀತೆಂದು ಯೋಚಿಸಿ. ಆಟದ ಪ್ರತಿಯೊಂದು ಕುಶಲತೆಯೂ ಇಲ್ಲಿ ಆರೋಪಕ್ಕೆ ಸಾಕ್ಷ್ಯವಾಗಬಲ್ಲದು. ಇಂಥ ಅವಕಾಶ ಎರಡನೆಯ ಆಟದ ಫ್ಲಾರೆನ್ಸಿನಲ್ಲಾಗಲಿ ಶ್ಯಾಡೋಸ್ ಆಟದ ಕ್ಯೋಟೊದಲ್ಲಾಗಲಿ ಸಿಕ್ಕಿರಲಿಲ್ಲ.

ಇನ್ನೊಂದು ಸಲಕರಣೆ ಅದಕ್ಕಿಂತ ಅಮೂಲ್ಯವಾದದ್ದು, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅನಿಮಸ್ ಎಂಬ ಯಂತ್ರ ಪೂರ್ವಜರ ನೆನಪುಗಳನ್ನು ಮತ್ತೆ ಬದುಕಿಸುತ್ತದೆ ಎಂಬುದು ಈ ಸರಣಿಯ ಚೌಕಟ್ಟು. ಪೂರ್ವಜ ಮಾಡದ ಕೆಲಸವನ್ನು ಆಟಗಾರ ಮಾಡಿದರೆ ನೆನಪಿನೊಂದಿಗಿನ ಹೊಂದಾಣಿಕೆ ತಪ್ಪಿ ಚಿತ್ರ ಒಡೆಯುತ್ತದೆ. ನಿರಪರಾಧಿಗಳನ್ನು ಕೊಂದಾಗ, ನಿನ್ನ ಪೂರ್ವಜ ಹೀಗೆ ಮಾಡಿರಲಿಲ್ಲ ಎಂದು ಯಂತ್ರ ಎಚ್ಚರಿಸುವುದನ್ನು ನೀವೂ ಕಂಡಿರುತ್ತೀರಿ. ಚಿತ್ರಹಿಂಸೆಯಿಂದ ಹೊರಬಂದ ತಪ್ಪೊಪ್ಪಿಗೆಯೂ ಇಂಥದೇ, ಎಂದೂ ನಡೆಯದ ಘಟನೆಯೊಂದರ ನೆನಪು. ಸೈತಾನನೊಡನೆ ಒಪ್ಪಂದ, ಬೆಟ್ಟದ ಮೇಲಿನ ರಾತ್ರಿಕೂಟ, ಕುಣಿತ ಎಂದು ಸೆರೆಯಾಳಿನಿಂದ ಹೇಳಿಸಲಾದ ದೃಶ್ಯದೊಳಗೆ ಆಟಗಾರ ನಡೆದಾಡಲಿ, ಆದರೆ ಹೆಜ್ಜೆಹೆಜ್ಜೆಗೂ ಹೊಂದಾಣಿಕೆ ತಪ್ಪುತ್ತಿದೆ ಎಂದು ಅನಿಮಸ್ ಸೂಚಿಸುತ್ತಿರಲಿ. ಮಾಟದ ಅದ್ಭುತಗಳನ್ನು ಕಣ್ಣಾರೆ ಕಾಣಬೇಕೆಂಬ ನಿಮ್ಮ ಮಗಳ ಆಸೆಯೂ ಆಗ ಈಡೇರುತ್ತದೆ, ಅವು ಆರೋಪಿಯಿಂದ ಹಿಂಡಿ ತೆಗೆದ ಸುಳ್ಳುಗಳೆಂಬುದೂ ಮನದಟ್ಟಾಗುತ್ತದೆ. ಇದನ್ನು ಬೇರೆ ಯಾವ ಆಟದ ಸರಣಿಯೂ ಇಷ್ಟು ಸಹಜವಾಗಿ ಮಾಡಲಾರದು.

ಬಾಂಬೆರ್ಗಿನ ಒಂದು ಕಾಗದವನ್ನು ಓದಿದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ. ಆ ಊರಿನ ಮೇಯರ್ ಆಗಿದ್ದ ಯೋಹಾನೆಸ್ ಯೂನಿಯುಸ್ 1628ರ ಜುಲೈ 24ರಂದು ಸೆರೆಮನೆಯಿಂದ ತನ್ನ ಮಗಳು ವೆರೋನಿಕಾಳಿಗೆ ಗುಟ್ಟಾಗಿ ಬರೆದ ಪತ್ರ ಅದು. ಹೆಬ್ಬೆರಳುಗಳನ್ನು ಇಕ್ಕಳದಲ್ಲಿ ಹಿಸುಕಿದ್ದರಿಂದ ಕೈಗಳು ಸ್ವಾಧೀನದಲ್ಲಿಲ್ಲ, ಇದನ್ನು ಬರೆಯಲು ಹಲವು ದಿನಗಳು ಹಿಡಿದವು ಎಂದು ಅವನು ಹೇಳಿಕೊಳ್ಳುತ್ತಾನೆ. ನಿರಪರಾಧಿಯಾಗಿ ಸೆರೆಗೆ ಬಂದೆ, ನಿರಪರಾಧಿಯಾಗಿ ಹಿಂಸೆ ಅನುಭವಿಸಿದೆ, ನಿರಪರಾಧಿಯಾಗಿಯೇ ಸಾಯಬೇಕಾಗಿದೆ ಎಂಬುದು ಅವನ ಮಾತು. ನಿಜವೋ ಸುಳ್ಳೋ ಏನಾದರೊಂದು ಕಟ್ಟಿ ಹೇಳಿಬಿಡಿ, ಈ ಹಿಂಸೆಯನ್ನು ನೀವು ತಾಳಲಾರಿರಿ ಎಂದು ಬೇಡಿಕೊಂಡವನು ಸ್ವತಃ ಹಿಂಸೆ ಕೊಡುತ್ತಿದ್ದ ವಧಕನೇ. ಕೊನೆಗೆ ಯೂನಿಯುಸ್ ಒಂದು ಕಥೆ ಕಟ್ಟಿದ. ಅಷ್ಟಕ್ಕೆ ಬಿಡಲಿಲ್ಲ, ರಾತ್ರಿಕೂಟದಲ್ಲಿ ಬೇರೆ ಯಾರು ಯಾರಿದ್ದರು ಎಂದು ಕೇಳಿದರು. ಯಾರ ಗುರುತೂ ಸಿಗಲಿಲ್ಲ ಎಂದಾಗ, ಊರಿನ ಬೀದಿಗಳನ್ನು ಒಂದೊಂದಾಗಿ ಹಿಡಿದುಕೊಂಡು ಹೋಗು, ಮಾರುಕಟ್ಟೆಯಿಂದ ಆರಂಭಿಸಿ ಒಂದು ಬೀದಿಯಲ್ಲಿ ಹೊರಟು ಇನ್ನೊಂದರಲ್ಲಿ ಹಿಂದಿರುಗು ಎಂದರು. ಮಾರುಕಟ್ಟೆಯಲ್ಲಿ ಕೆಲವರನ್ನು ಹೆಸರಿಸಬೇಕಾಯಿತು, ಉದ್ದಬೀದಿಯಲ್ಲಿ ಎಂಟು ಜನರನ್ನು. ಸೇತುವೆ ದಾಟಿಸಿದರು, ಕೋಟೆಯಲ್ಲಿ ಯಾರೂ ಗೊತ್ತಿಲ್ಲವೆ ಎಂದು ಕೇಳಿದರು. ಅವನ ವಿರುದ್ಧ ಹೇಳಿಕೆ ಕೊಟ್ಟವರು ಕೂಡ ಹೀಗೆಯೇ ಬಲವಂತಕ್ಕೆ ಸಿಕ್ಕಿದವರು. ಸಾಯುವ ಮೊದಲು ಅವನ ಕ್ಷಮೆ ಬೇಡಿದ್ದರು. ಪತ್ರ ಬರೆದ ಎರಡು ವಾರಗಳೊಳಗೆ, ಆಗಸ್ಟ್ 6ರಂದು, ಅವನನ್ನು ಕೊಂದರು. ಆ ಪತ್ರ ಮಗಳಿಗೆ ತಲಪಿತೆಂದು ಯಾವ ಭರವಸೆಯೂ ಇಲ್ಲದೆ ಅದನ್ನು ತರಗತಿಯಲ್ಲಿ ಓದಿ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ಈ ಸರಣಿಯ ಆಟಗಳಲ್ಲಿ ನಾವು ಊರಿನ ಎತ್ತರದ ಗೋಪುರವನ್ನು ಹತ್ತಿ ನಕ್ಷೆಯನ್ನು ಬೀದಿ ಬೀದಿಯಾಗಿ ತೆರೆಯುತ್ತೇವೆ. ಬಾಂಬೆರ್ಗ್ ಇಂದಿಗೂ ಬಹುಮಟ್ಟಿಗೆ ಹಳೆಯ ರೂಪದಲ್ಲಿಯೇ ಉಳಿದಿದೆ, 1993ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಪ್ರಧಾನ ದೇವಾಲಯದ ನಾಲ್ಕು ಗೋಪುರಗಳು ಹತ್ತುವುದಕ್ಕೆಂದೇ ಕಟ್ಟಿದಂತಿವೆ. ಮಾಟದ ಆರೋಪಿಗಳಿಗಾಗಿ ಕಟ್ಟಿದ ಆ ಸೆರೆಮನೆ ಈಗ ಇಲ್ಲ, ಆದರೆ ಅದರ ಕಾಲದ್ದೇ ಆದ ಚಿತ್ರ ಉಳಿದಿರುವುದರಿಂದ ಕಲಾವಿದರು ಅದನ್ನು ಮತ್ತೆ ಕಟ್ಟಬಲ್ಲರು. ಆಟಗಾರ ಸಂತೋಷದಿಂದ ತೆರೆದ ಬೀದಿಗಳಲ್ಲಿಯೇ ಮುಂದೊಂದು ದಿನ ಸೆರೆಯಾಳೊಬ್ಬ ಹೆಸರುಗಳನ್ನು ಹೇಳುತ್ತ ನಡೆಯಬೇಕಾಗಿ ಬಂದರೆ, ಮತ್ತು ಆ ಹೆಸರುಗಳು ಆಟಗಾರ ಅಲ್ಲಿಯವರೆಗೆ ಮಾತನಾಡಿಸಿದ ರೊಟ್ಟಿಯವನದೋ ಸೂಲಗಿತ್ತಿಯದೋ ಆಗಿದ್ದರೆ, ಆ ನಕ್ಷೆಯನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ. ಅದಕ್ಕಾಗಿಯೇ ಆಟದ ಊರು ಚಿಕ್ಕದಾಗಿರಲಿ ಎಂದು ಬಯಸುತ್ತೇನೆ. 2020ರ ವಾಲ್ಹಾಲದ ಇಂಗ್ಲೆಂಡಿನಂತೆ ದಿನಗಟ್ಟಲೆ ಕುದುರೆ ಓಡಿಸುವ ವಿಸ್ತಾರ ಇಲ್ಲಿ ಬೇಡ. ಐವತ್ತು ಮುಖಗಳು ಸಾಕು, ಆದರೆ ಐವತ್ತಕ್ಕೂ ಹೆಸರಿರಬೇಕು, ಮನೆಯಿರಬೇಕು, ಹಳೆಯ ಜಗಳಗಳಿರಬೇಕು.

ಚರಿತ್ರೆಯ ಗಣ್ಯರನ್ನು ನಾಯಕನ ಗೆಳೆಯರನ್ನಾಗಿ ಮಾಡುವುದೂ ಸರಣಿಯ ಸಂಪ್ರದಾಯ. ಈ ಕಾಲಕ್ಕೆ ಯೋಹಾನೆಸ್ ಕೆಪ್ಲರ್‌ಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಗ್ರಹಗಳ ಚಲನೆಯ ನಿಯಮಗಳನ್ನು ಕೊಟ್ಟ ಈ ಗಣಿತಜ್ಞನ ತಾಯಿ ಕಥರೀನಾಳ ಮೇಲೆ 1615ರಲ್ಲಿ ಲಿಯೋನ್‌ಬೆರ್ಗಿನಲ್ಲಿ ಮಾಟದ ಆರೋಪ ಬಂತು. 1620ರಲ್ಲಿ ಎಪ್ಪತ್ತು ದಾಟಿದ ಆ ಮುದುಕಿಯನ್ನು ಸೆರೆಹಿಡಿದು ಹದಿನಾಲ್ಕು ತಿಂಗಳು ಇಟ್ಟುಕೊಂಡರು. ಕೆಪ್ಲರ್ ತನ್ನ ಕೆಲಸವನ್ನು ಬದಿಗಿಟ್ಟು ಆಸ್ಟ್ರಿಯದ ಲಿಂಟ್ಸ್‌ನಿಂದ ಬಂದು, ಒಂದೊಂದು ಹೇಳಿಕೆಯನ್ನೂ ಪರೀಕ್ಷಿಸಿ ಪ್ರತಿವಾದ ಸಿದ್ಧಪಡಿಸಿದ. ಹಿಂಸೆಯ ಉಪಕರಣಗಳನ್ನು ಕಣ್ಣೆದುರು ಇಟ್ಟು ಬೆದರಿಸಿದಾಗಲೂ ಕಥರೀನಾ ತಪ್ಪೊಪ್ಪಿಕೊಳ್ಳಲಿಲ್ಲ. 1621ರಲ್ಲಿ ಬಿಡುಗಡೆಯಾಗಿ, ಮರುವರ್ಷ ತೀರಿಕೊಂಡಳು. ಇಲ್ಲಿ ಗೆದ್ದದ್ದು ಕತ್ತಿಯಲ್ಲ, ಮಗನ ತಾಳ್ಮೆ ಮತ್ತು ತಾಯಿಯ ಹಟ. ಇದನ್ನು ಆಡಿಸಿ ತೋರಿಸುವುದು ಕಷ್ಟವೇನಲ್ಲ: ಸಾಕ್ಷಿಗಳ ಮಾತಿನಲ್ಲಿರುವ ವಿರೋಧಗಳನ್ನು ಹುಡುಕುವುದು, ಕಡತಗಳನ್ನು ಕದ್ದು ಓದುವುದು, ದಿನಾಂಕಗಳನ್ನು ತಾಳೆ ನೋಡುವುದು ಇವೆಲ್ಲ ಗುಪ್ತಚಾರನ ಕೆಲಸಗಳೇ. ಆರೋಪಿಗಳ ಕೊನೆಯ ಗಳಿಗೆಗಳನ್ನು ಹತ್ತಿರದಿಂದ ಕಂಡ ಜೆಸೂಟ್ ಪಾದ್ರಿ ಫ್ರೀಡ್ರಿಶ್ ಶ್ಪೇ ಕೂಡ ನೆನಪಾಗುತ್ತಾನೆ. ಚಿತ್ರಹಿಂಸೆಯೇ ಮಾಟಗಾತಿಯರನ್ನು ಸೃಷ್ಟಿಸುತ್ತದೆ ಎಂದು ವಾದಿಸಿದ ಅವನ ಪುಸ್ತಕ 1631ರಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಹೆಸರು ಮರೆಮಾಡಿ ಸತ್ಯ ಬರೆದು ಹಂಚುವವನಿಗೆ ಅಸಾಸಿನ್‌ಗಳ ಬಳಗದಲ್ಲಿ ಜಾಗ ಹುಡುಕಬೇಕಾಗಿಲ್ಲ.

ಕೆಲವು ಜನಪ್ರಿಯ ತಪ್ಪುಗಳನ್ನು ಆಟ ಮತ್ತೆ ಹೇಳದಿದ್ದರೆ ಸಾಕು. ಜರ್ಮನ್ ನಾಡಿನಲ್ಲಿ ಈ ವಿಚಾರಣೆಗಳನ್ನು ನಡೆಸಿದ್ದು ಹೆಚ್ಚಾಗಿ ಲೌಕಿಕ ನ್ಯಾಯಾಲಯಗಳು, ಇಗರ್ಜಿಯ ನ್ಯಾಯಾಲಯಗಳಲ್ಲ. ಸ್ಪೇನಿನಲ್ಲಿ ಇಗರ್ಜಿಯ ನ್ಯಾಯಾಲಯವಾಗಿದ್ದ ಇನ್‌ಕ್ವಿಸಿಷನ್ನಿನ ಅಧಿಕಾರಿ ಸಲಾಸಾರ್ ಅಂತೂ 1610ರ ದಶಕದಲ್ಲಿ ಸಾಕ್ಷ್ಯವಿಲ್ಲವೆಂದು ಹೇಳಿ ಅಲ್ಲಿನ ಬೇಟೆಯನ್ನೇ ತಡೆದನು. ತೊಂಬತ್ತು ಲಕ್ಷ ಹೆಂಗಸರು ಸತ್ತರೆಂಬುದು 18ನೆಯ ಶತಮಾನದ ತಪ್ಪು ಲೆಕ್ಕದಿಂದ ಹುಟ್ಟಿದ ಸಂಖ್ಯೆ. ಆರೋಪಿಗಳೆಲ್ಲ ಸೂಲಗಿತ್ತಿಯರು, ಗಿಡಮೂಲಿಕೆ ಬಲ್ಲವರು ಎಂಬುದಕ್ಕೂ ದಾಖಲೆಗಳ ಬೆಂಬಲವಿಲ್ಲ. ಬಹುಪಾಲು ಜನ ವಿಶೇಷ ವಿದ್ಯೆ ಯಾವುದೂ ಇಲ್ಲದ ಸಾಧಾರಣ ನೆರೆಯವರು. ಯೂನಿಯುಸ್‌ನಂಥ ಗಂಡಸರೂ, ವ್ಯೂರ್ತ್ಸ್‌ಬುರ್ಗಿನ ಪಟ್ಟಿಯಲ್ಲಿರುವಂತೆ ಮಕ್ಕಳೂ ಸತ್ತರು.

ನಮ್ಮ ಓದುಗರು ಈ ಆಟವನ್ನು ದೂರದ ದೇಶದ ಕತ್ತಲ ಕಥೆಯೆಂದು ನೋಡಲಾರರು. ಕಲಬುರಗಿ, ಬೀದರ್ ಕಡೆಯವರಿಗೆ ಭಾನಾಮತಿ ಎಂಬ ಮಾತು ಹೊಸದಲ್ಲ. ಬಿಹಾರದಲ್ಲಿ ಡಾಯನ್ ಎಂದು ಕರೆದು ಹೆಂಗಸರನ್ನು ಹಿಂಸಿಸುವುದರ ವಿರುದ್ಧ 1999ರಲ್ಲಿ ಕಾಯ್ದೆ ಬಂತು, ಕರ್ನಾಟಕದ ಮಾಟಮಂತ್ರ ನಿಷೇಧ ಕಾಯ್ದೆ 2020ರಲ್ಲಿ ಜಾರಿಗೊಂಡಿತು. ನಿಮ್ಮ ಮಗಳೊಡನೆ ಮಾತು ಬಂದಾಗ ಇದನ್ನೂ ಹೇಳಿ.

ಅವಳ ವಯಸ್ಸಿನ ವಿಚಾರದಲ್ಲಿ ನನ್ನ ಸಲಹೆ ಖಚಿತವಾದದ್ದು. ಈ ಸರಣಿಯ ಮುಖ್ಯ ಆಟಗಳಿಗೆ ಯುರೋಪಿನಲ್ಲಿ ಸಾಮಾನ್ಯವಾಗಿ ಹದಿನೆಂಟು ವರ್ಷದ ಮಿತಿ ಇರುತ್ತದೆ, ಈ ವಸ್ತುವಿಗೆ ಅದು ಇನ್ನೂ ಸೂಕ್ತ. ಮೊದಲು ನೀವೊಬ್ಬರೇ ಆಡಿ. 2018ರಲ್ಲಿ ಒರಿಜಿನ್ಸ್ ಆಟಕ್ಕೆ ಸೇರಿಸಿದ, ಕಾದಾಟವಿಲ್ಲದೆ ಪ್ರಾಚೀನ ಈಜಿಪ್ಟಿನಲ್ಲಿ ತಿರುಗಾಡಿಸುವ ಡಿಸ್ಕವರಿ ಟೂರ್‌ನಂಥ ವಿಭಾಗ ಹೆಕ್ಸೆಗೂ ಬಂದರೆ ಅದನ್ನು ಅವಳೊಡನೆ ನೋಡಿ. ಅಂಥದೊಂದು ಬರಲೇಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಮುಂಗಡ ಹಣ ಕೊಡಬೇಡಿ. 2014ರ ಯೂನಿಟಿ ಎಷ್ಟು ದೋಷಗಳೊಂದಿಗೆ ಬಿಡುಗಡೆಯಾಯಿತೆಂಬುದು ನಿಮಗೆ ನೆನಪಿರಬಹುದು. ಎರಡು ಸಲ ಮುಂದೂಡಲ್ಪಟ್ಟು 2025ರ ಮಾರ್ಚ್ 20ರಂದು ಬಂದ ಶ್ಯಾಡೋಸ್ ಅದಕ್ಕಿಂತ ಎಷ್ಟೋ ಅಚ್ಚುಕಟ್ಟಾಗಿತ್ತು. ಆದ್ದರಿಂದ ಹೆಕ್ಸೆ ತಡವಾದಷ್ಟೂ ನನಗೆ ಬೇಸರವಿಲ್ಲ. ಆಟದ ನಿಜವಾದ ದೃಶ್ಯಗಳು ಹೊರಬಂದ ದಿನ ಕಾದಾಟದ ಸೊಗಸನ್ನು ಬದಿಗಿಟ್ಟು ಒಂದೇ ಒಂದು ಸಂಗತಿಯನ್ನು ಗಮನಿಸಿ. ಬೀದಿಯಲ್ಲಿ ನಡೆಯುವ ಆಟಗಾರ್ತಿಯನ್ನು ಕಂಡು ಬಾವಿಯ ಬಳಿಯ ಇಬ್ಬರು ಹೆಂಗಸರು ಮಾತು ನಿಲ್ಲಿಸುತ್ತಾರೆಯೆ, ಅವಳು ದಾಟಿಹೋದ ಮೇಲೆ ಮತ್ತೆ ಆರಂಭಿಸುತ್ತಾರೆಯೆ, ಮತ್ತು ಆ ಮಾತಿನಿಂದ ಮುಂದೆ ಆಟದಲ್ಲಿ ಏನಾದರೂ ಬದಲಾಗುತ್ತದೆಯೆ ಎಂದು ನೋಡಿ. ಬದಲಾಗುವುದಾದರೆ ಕೊಳ್ಳಿ. ಅದಕ್ಕೆ ಬದಲಾಗಿ ಅವಳ ಅಂಗೈಯಿಂದ ಹಸಿರು ಬೆಂಕಿ ಹೊರಟರೆ, ಆ ಹಣವನ್ನು ಬೇರೆ ಆಟಕ್ಕೆ ಇಟ್ಟುಕೊಳ್ಳಿ.